ಟಪ್ಪಾಲಿನವನು ತನ್ನ ಚೀಲವನ್ನು ಕೆಳಗಿಡಬಹುದೋ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಟಪ್ಪಾಲಿನ ಮಾಸ್ತರನನ್ನು ಅರಿಯದವರು ಯಾರೂ ಇರಲಿಕ್ಕಿಲ್ಲ. ಅವನ ಕಚೇರಿಯು ಅನೇಕ ಕಡೆಗಳಲ್ಲಿ ಅವನ ಮನೆಯ ಪಡಸಾಲೆಯೇ ಆಗಿರುತ್ತದೆ. ಒಂದು ಮೇಜು, ಒಂದು ಕುರ್ಚಿ, ಒಂದು ಮೊಹರು, ಹೊರಗಿನ ಗೋಡೆಗೆ ತೂಗುವ ಕೆಂಪು ಪೆಟ್ಟಿಗೆ, ಇಷ್ಟೇ ಅದರ ಸಾಮಾನು. ಅಲ್ಲಿಂದ ಅವನ ಸಂಗಡಿಗನು ಚೀಲವನ್ನು ಹೆಗಲಿಗೆ ಹಾಕಿಕೊಂಡು, ಸೈಕಲ್ಲಿನ ಮೇಲಾಗಲಿ ಕಾಲ್ನಡೆಯಿಂದಾಗಲಿ ಎರೆಹೊಲಗಳ ನಡುವಣ ಹಾದಿಯನ್ನು ಹಿಡಿದು ಮತ್ತೊಂದು ಹಳ್ಳಿಗೆ ಹೋಗುವನು. ಮಳೆಗಾಲದಲ್ಲಿ ಆ ಕರೀ ಮಣ್ಣು ಕಾಲನ್ನು ಹೇಗೆ ಹಿಡಿಯುವದೆಂಬದನ್ನು ನಾವು ನಿಮಗೆ ಹೇಳತಕ್ಕದ್ದಿಲ್ಲ. ದೂರ ದೇಶಕ್ಕೆ ದುಡಿಯಲಿಕ್ಕೆ ಹೋದ ಮಗನ ಕಾಗದ, ಕೋರ್ಟಿನ ಕರೆ, ಓದು ಮುಗಿಸಿದ ಹುಡುಗಿಗೆ ಬಂದ ನೇಮಕದ ಪತ್ರ, ವಿಧವೆಯ ಮನಿಯಾರ್ಡರು, ಇವೆಲ್ಲವೂ ಆ ಒಂದು ಚೀಲದಲ್ಲಿಯೇ ಕೂಡಿ ಬಂದಿವೆ.

ಇಂಥವನು ಒಂದು ದಿವಸ, ನಾಳೆಯಿಂದ ನಾನು ಚೀಲವನ್ನು ಎತ್ತುವದಿಲ್ಲ ಎಂದು ಹೇಳಬಹುದೋ? ಹಾಗೆ ಹೇಳುವದು ನ್ಯಾಯವೋ ಅನ್ಯಾಯವೋ? 2018ನೇ ಇಸವಿಯ ಮೇ ತಿಂಗಳಲ್ಲಿ ಈ ಪ್ರಶ್ನೆಯು ದೇಶದ ಹಳ್ಳಿಹಳ್ಳಿಗಳಲ್ಲಿ ಎದ್ದಿತು. ಆ ತಿಂಗಳ 22ನೇ ತಾರೀಖಿನಂದು, ಸರಕಾರವು ಗ್ರಾಮೀಣ ಡಾಕ್ ಸೇವಕರೆಂದು ಕರೆಯುವ ಈ ಜನರ ಸಂಘಗಳು ಸಂಪನ್ನು ಹೂಡಿದವು. ಅದು ಹದಿನಾರು ದಿನ ನಡೆಯಿತು. ಸಂಪು ನಡೆಯುತ್ತಿರುವಾಗ ಯಾರ ಕಿವಿಯೂ ಪೂರ್ಣವಾಗಿ ತೆರೆದಿರುವದಿಲ್ಲ. ಒಬ್ಬರು ಹೊಗಳುವರು, ಒಬ್ಬರು ಬೈಯುವರು, ವಿಚಾರಿಸುವವರು ಕಡಿಮೆ. ಆದದರಿಂದ ಈಗ ಸಾವಕಾಶವಾಗಿ ಆ ಸಂಗತಿಯನ್ನು ವಿಚಾರಿಸೋಣ.

ಮೊದಲು ಆ ಕೆಲಸದ ಸ್ಥಿತಿಯನ್ನು ತಿಳಿಯಬೇಕು. ಪ್ರತಿಯೊಂದು ಹಳ್ಳಿಯಲ್ಲಿ ಪೂರ್ಣ ಸಂಬಳದ ಉದ್ಯೋಗಸ್ಥನನ್ನು ಇಡುವದು ಬಹು ಖರ್ಚಿನ ಮಾತೆಂದು ಇಂಗ್ಲಿಷರ ಕಾಲದಲ್ಲಿಯೇ ಒಂದು ಉಪಾಯವನ್ನು ಕಂಡುಹಿಡಿದರು. ಸಾಲೆಯ ಮಾಸ್ತರ, ಅಂಗಡಿಕಾರ ಮುಂತಾಗಿ ಬೇರೆ ಜೀವನೋಪಾಯವುಳ್ಳ ಮನುಷ್ಯನಿಗೆ ದಿನಕ್ಕೆ ಕೆಲವು ತಾಸಿನ ಟಪ್ಪಾಲು ಕೆಲಸವನ್ನು ಒಪ್ಪಿಸಿ ಸ್ವಲ್ಪ ಹಣವನ್ನು ಕೊಡುವದು ಆ ಉಪಾಯ. ಇಲಾಖೆಯ ಹೊರಗಿನವರು ಎಂಬ ಅರ್ಥದ ಹೆಸರೇ ಅವರಿಗೆ ಬಹುಕಾಲ ಇತ್ತು. ಹೊರಗಿನವರು ಎಂಬ ಶಬ್ದದ ಭಾರವು ಎಷ್ಟೆಂಬದನ್ನು ನಮ್ಮ ವಾಚಕರಲ್ಲಿ ಅನೇಕರು ತಮ್ಮ ಅಜ್ಜಂದಿರ ಕೇರಿಯಿಂದಲೇ ಬಲ್ಲರು. ಈ ಏರ್ಪಾಟು ನೂರೈವತ್ತು ವರುಷಕ್ಕಿಂತ ಹಳೇದು. ಕೆಲಸಕ್ಕೆ ಸೇರುವವನು ತನಗೆ ಬೇರೆ ಆದಾಯ ಉಂಟೆಂದು ಹೇಳಬೇಕು. ಮಾಸ್ತರನಾಗುವವನು ಕಚೇರಿಗೆ ಸ್ಥಳವನ್ನು ತಾನೇ ಒದಗಿಸಬೇಕು. 65 ವರುಷವಾದಾಗ ಬಿಡಬೇಕು. ಬಿಟ್ಟ ಮೇಲೆ ಇಲಾಖೆಯ ಖಾಯಂ ನೌಕರರಿಗಿದ್ದಂಥ ಪಿಂಚಣಿ ಅವನಿಗಿಲ್ಲ. 1977ರಲ್ಲಿ ಸುಪ್ರೀಂ ಕೋರ್ಟು ಇವರೂ ಸರಕಾರದ ಹುದ್ದೆಯನ್ನು ಹೊಂದಿದವರೇ ಎಂದು ತೀರ್ಮಾನಿಸಿತು. ಆದರೂ ಸಂಬಳದ ಮಾತು ಬಂದಾಗ ಅವರು ಹೊರಗೇ ಉಳಿದರು. ಏಳನೇ ವೇತನ ಆಯೋಗವು ಇವರನ್ನು ತನ್ನ ಲೆಕ್ಕದಲ್ಲಿ ಸೇರಿಸಲಿಲ್ಲ. ಕಮಲೇಶ ಚಂದ್ರರೆಂಬ ಹಿಂದಿನ ಅಂಚೆ ಅಧಿಕಾರಿಗಳನ್ನು ಇವರಿಗಾಗಿ ಬೇರೆ ನೇಮಿಸಿದರು. ಅವರು 24 ನವೆಂಬರ್ 2016ರಂದು ತಮ್ಮ ವರದಿಯನ್ನು ಒಪ್ಪಿಸಿದರು. ಅಷ್ಟರೊಳಗೆ ಖಾಯಂ ನೌಕರರ ಕೈಗೆ ಹೊಸ ಸಂಬಳವು ಬಂದುಹೋಗಿತ್ತು. ಇವರ ವರದಿಯಾದರೋ ಹದಿನೆಂಟು ತಿಂಗಳಾದರೂ ದಿಲ್ಲಿಯಲ್ಲಿಯೇ ಇತ್ತು. ಸಂಪಿಗೆ ಕಾರಣವು ಇದೇ.

ಈಗ ಸಂಪಿನ ಹಿಂದಿನ ಸಂಜೆ ಒಂದು ಹಳ್ಳಿಯ ಪಡಸಾಲೆಯಲ್ಲಿ ಇಬ್ಬರು ಕೂತಿರುವರೆಂದು ಎಣಿಸೋಣ. ಹಳ್ಳಿಯ ಹೆಸರು ಬೇಡ. ಮುರಗೋಡದ ಕಡೆಯದಾಗಲಿ ಸುರೇಬಾನದ ಕಡೆಯದಾಗಲಿ ಆದೀತು. ಒಬ್ಬನು ಮುದಿ ಮಾಸ್ತರ, ಇನ್ನೆರಡು ವರುಷಕ್ಕೆ ಕೆಲಸ ಬಿಡತಕ್ಕವನು. ಮತ್ತೊಬ್ಬನು ಕಾಗದಗಳನ್ನು ಹಂಚುವ ತರುಣ, ಇಬ್ಬರು ಮಕ್ಕಳ ತಂದೆ.

"ತಮ್ಮಾ," ಎಂದು ಮಾಸ್ತರನು ಅನ್ನುತ್ತಾನೆ, "ನಮ್ಮನ್ನು ಯಾರೂ ಹಗ್ಗ ಹಾಕಿ ಎಳೆದು ತರಲಿಲ್ಲ. ಷರತ್ತು ನೋಡಿ ಸಹಿ ಮಾಡಿ ಬಂದೆವು. ಕೊಟ್ಟ ಮಾತನ್ನು ಮುರಿಯಬಾರದು."

"ಖರೆ, ಮಾಸ್ತರೇ," ಎನ್ನುತ್ತಾನೆ ತರುಣನು. "ಆದರೆ ಸಹಿ ಮಾಡುವಾಗ ಕಾಗದ ಹಂಚುವ ಕೆಲಸವೆಂದರು. ಆಮೇಲೆ ಉಳಿತಾಯದ ಖಾತೆ ಬಂತು, ವಿಮೆ ಬಂತು, ಉದ್ಯೋಗ ಖಾತ್ರಿಯ ಕೂಲಿ ಬಂತು. ಕೆಲಸ ಬೆಳೆಯುವಾಗ ನನ್ನ ಸಹಿಯನ್ನು ಯಾರೂ ತಿರುಗಿ ಕೇಳಲಿಲ್ಲ. ನನಗೆ ಬೇರೆ ಆದಾಯವುಂಟೆಂದು ಬರೆದುಕೊಟ್ಟೆನು. ಎರಡು ಎಕರೆ ಒಣಬೇಸಾಯದ ಹೊಲ. ಮಳೆ ಬಂದ ವರುಷ ಅದು ಆದಾಯ. ಬಾರದ ವರುಷ ಅದು ಸಾಲ."

ಮಾಸ್ತರನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಓಣಿಯ ಕೊನೆಯ ಮನೆಯ ಮುದುಕಿ ಏನು ಮಾಡಿದಳಪ್ಪಾ? ದಿಲ್ಲಿಯವರ ಮೇಲಿನ ಸಿಟ್ಟನ್ನು ಅವಳ ಮೇಲೆ ತೀರಿಸುವಿಯೋ?" ಎಂದು ಕೇಳುತ್ತಾನೆ.

ಇದಕ್ಕೆ ತರುಣನು ಉತ್ತರ ಕೊಡುವದಿಲ್ಲ.

ಮಾಸ್ತರನ ಎರಡು ಮಾತುಗಳಲ್ಲಿ ಮೊದಲನೇದು ನಮಗೆ ಅಷ್ಟು ಕಠಿಣವಾಗಿ ತೋರುವದಿಲ್ಲ. ಕೊಟ್ಟ ಮಾತು ದೊಡ್ಡದೇ. ಅದನ್ನು ಹಗುರಾಗಿ ಎಣಿಸುವವರ ಪಕ್ಷವನ್ನು ನಾವು ಹಿಡಿಯುವದಿಲ್ಲ. ಆದರೆ ಹಸಿದವನೂ ಉಂಡವನೂ ಒಡಂಬಡಿಕೆ ಮಾಡಿಕೊಳ್ಳುವಾಗ ಇಬ್ಬರ ಸಹಿಯೂ ಒಂದೇ ತೂಕದ್ದಾಗಿರುವದಿಲ್ಲ. ಜೀತಕ್ಕೆ ಇದ್ದವನೂ ಒಂದು ಕಾಲಕ್ಕೆ ಹೆಬ್ಬೆಟ್ಟು ಒತ್ತಿದ್ದನು. ಅದರ ನಿಮಿತ್ತ ಜೀತವು ನ್ಯಾಯವಾಯಿತೋ? ದ್ರಾಕ್ಷೇ ತೋಟದ ಯಜಮಾನನ ಸಾಮ್ಯವನ್ನು ಕೆಲವರು ಇಲ್ಲಿ ಎತ್ತುವರು: ಒಪ್ಪಿದ ಕೂಲಿಯನ್ನು ಕೊಟ್ಟ ಮೇಲೆ ಗುಣುಗುಟ್ಟುವದಕ್ಕೆ ಆಸ್ಪದವಿಲ್ಲವಲ್ಲಾ ಎಂದು. ಆದರೆ ಆ ಸಾಮ್ಯದಲ್ಲಿ ಸಂಜೆಯ ಹೊತ್ತಿಗೆ ಬಂದು ಒಂದೇ ತಾಸು ದುಡಿದವನಿಗೂ ಯಜಮಾನನು ಇಡೀ ದಿವಸದ ಕೂಲಿಯನ್ನು ಕೊಟ್ಟನೆಂಬದನ್ನು ಅವರು ಮರೆಯುತ್ತಾರೆ. ತಾಸುಗಳನ್ನು ಎಣಿಸಿ, ನೀನು ಅರೆದಿನದವನು ಎಂದು ಹೇಳಿ, ಅರೆಹೊಟ್ಟೆಗೆ ಕೊಡುವ ಯಜಮಾನನು ಆ ಸಾಮ್ಯವನ್ನು ತನ್ನ ಪರವಾಗಿ ಕರೆಯಲಾರನು.

ಮಾಸ್ತರನ ಎರಡನೇ ಮಾತು ಕಠಿಣವೇ. ಗಿರಣಿಯ ಕೂಲಿಗಾರನು ಕೆಲಸ ನಿಲ್ಲಿಸಿದರೆ ಮೊದಲು ಗಿರಣಿಯ ದಣಿಗೆ ನಷ್ಟ. ಟಪ್ಪಾಲಿನವನು ನಿಲ್ಲಿಸಿದರೆ ಮಂತ್ರಿಗಳ ಊಟಕ್ಕೆ ಏನೂ ಕೊರತೆಯಾಗದು. ನಷ್ಟವು ನೇರವಾಗಿ ಮುದುಕಿಯ ಒಲೆಗೆ ತಗಲುವದು. 2018ರಲ್ಲಿ ನಮ್ಮ ರಾಜ್ಯದ ಮುದುಕರ ಮತ್ತು ವಿಧವೆಯರ ಮಾಸಿಕ ಹಣವು ಅನೇಕರಿಗೆ ಮನಿಯಾರ್ಡರಿನ ಮೂಲಕ ಈ ಕೈಗಳಿಂದಲೇ ಮುಟ್ಟುತ್ತಿತ್ತು. ಅನ್ಯಾಯ ಮಾಡದವನನ್ನು ನೋಯಿಸಿ ಅನ್ಯಾಯ ಮಾಡಿದವನ ಮನಸ್ಸನ್ನು ತಿರುಗಿಸುವದು ಒಳ್ಳೇ ದಾರಿಯೇ? ನಾವು ಇದನ್ನು ಹಗುರಾಗಿ ದಾಟಿ ಹೋಗಲಾರೆವು. ಸಂಪಿನ ಪಕ್ಷದವರಲ್ಲಿ ಕೆಲವರು, ಸಂಪೆಂದರೆ ಯಾರಿಗಾದರೂ ತೊಂದರೆ ಆಗಲೇಬೇಕು ಎಂದು ಹೇಳಿ ಸುಮ್ಮನಾಗುವರು. ಇದು ಉತ್ತರವಲ್ಲ.

ನಮಗೆ ತೋಚುವದೇನಂದರೆ, ಆ ತರುಣನ ಕೈಯಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಅವನ ದುಡಿಮೆ, ಅಂದರೆ ನಾಳೆಯ ನಡಿಗೆ. ಅದು ಅವನ ಕಾಲು, ಅವನ ಬೆವರು; ಅವನು ಅದನ್ನು ಕೂಲಿಗೆ ಕೊಡುತ್ತಾನೆ, ತಕ್ಕ ಸೂಚನೆ ಕೊಟ್ಟು ಹಿಂದಕ್ಕೆ ತೆಗೆದುಕೊಳ್ಳಲೂಬಹುದು. ಮತ್ತೊಂದು, ಈಗಾಗಲೇ ಅವನ ಚೀಲದೊಳಗೆ ಬಿದ್ದಿರುವ ಕಾಗದ ಮತ್ತು ಹಣ. ಅದು ಅವನದ್ದಲ್ಲ, ಸರಕಾರದ್ದೂ ಅಲ್ಲ. ಮಗನು ತಾಯಿಗೆ ಕಳುಹಿಸಿದ್ದು ತಾಯಿಯದೇ; ಇವನು ನಡುವೆ ನಂಬಿಗೆಯಿಂದ ಹಿಡಿದಿರುವನು, ಅಷ್ಟೇ. ನಡುವೆ ಹಿಡಿದದ್ದನ್ನು ತನ್ನ ಹೋರಾಟದ ಆಯುಧವಾಗಿ ಮಾಡಿಕೊಳ್ಳುವ ಅಧಿಕಾರವು ಅವನಿಗಿಲ್ಲ.

ಈ ಭೇದವು ನಮ್ಮ ಕಲ್ಪನೆಯೆಂದು ಯಾರೂ ತಿಳಿಯಬಾರದು. 1898ರ ಅಂಚೆ ಕಾನೂನಿನಲ್ಲಿಯೂ ಇದು ಇತ್ತು. ಅಪ್ಪಣೆಯಿಲ್ಲದೆ, ಒಂದು ತಿಂಗಳು ಮುಂಚೆ ಬರಹದಿಂದ ತಿಳಿಸದೆ, ತನ್ನಷ್ಟಕ್ಕೆ ತಾನೇ ಕೆಲಸ ಬಿಟ್ಟ ಟಪ್ಪಾಲಿನವನಿಗೆ ಆ ಕಾನೂನು ಹೆಚ್ಚೆಂದರೆ ಒಂದು ತಿಂಗಳ ಸೆರೆ, 50 ರೂಪಾಯಿ ದಂಡ, ಇಲ್ಲವೆ ಎರಡನ್ನೂ ಹೇಳಿತ್ತು. ಆದರೆ ಹಾದಿಯಲ್ಲಿರುವ ಕಾಗದವನ್ನು ಕದ್ದ, ಬಚ್ಚಿಟ್ಟ, ಹಾಳುಮಾಡಿದ, ಎಸೆದುಬಿಟ್ಟ ಉದ್ಯೋಗಸ್ಥನಿಗೆ ಏಳು ವರುಷದ ವರೆಗೆ ಸೆರೆ. ಯಾವ ಉದ್ದೇಶದಿಂದ ಬಚ್ಚಿಟ್ಟರೂ ಸರಿಯೇ. ದಣಿಗಳ ಲಾಭವನ್ನೇ ನೋಡಿ ಕಾನೂನು ಬರೆದ ಆ ಕಾಲದವರಿಗೂ, ಕೆಲಸ ಬಿಡುವದು ಒಂದು, ಕಾಗದವನ್ನು ತಡೆಯುವದು ಮತ್ತೊಂದು ಎಂಬದು ಕಂಡಿತು. ಆ ಕಾನೂನು ಈಗ ಇಲ್ಲ. 2023ರ ಹೊಸ ಕಾನೂನು ಅದರ ಸ್ಥಳದಲ್ಲಿ 18 ಜೂನ್ 2024ರಿಂದ ನಡೆಯುತ್ತದೆ. ಆದರೆ ಹಳೇ ಕಾನೂನಿನೊಳಗಿದ್ದ ಆ ಭೇದವು ಕಾಗದದ ಸಂಗಡ ರದ್ದಾಗುವಂಥದ್ದಲ್ಲ.

ಹಾಗಾದರೆ ಆ ತರುಣನು ಮಾಡತಕ್ಕದ್ದು ಏನು? ಸಂಪಿನ ಹಿಂದಿನ ದಿವಸ ಸೂರ್ಯ ಮುಳುಗುವದರೊಳಗೆ ಅವನ ಚೀಲವು ಬರಿದಾಗಿರಬೇಕು. ಕತ್ತಲಾದರೂ ಲಾಂದ್ರ ಹಿಡಿದು ಹೋಗಿ ಕೊಡಲಿ. ಮನಿಯಾರ್ಡರು ಬರುವವರಿಗೆ ಮೊದಲೇ, ಅವ್ವಾ, ನಾನು ಇಂಥ ದಿವಸದಿಂದ ಬರುವದಿಲ್ಲ, ಕಾರಣವು ಇದು ಎಂದು ಬಾಯಿಂದ ಹೇಳಲಿ. ಹೀಗೆ ಹೇಳುವಾಗ ಅವನಿಗೆ ನಾಚಿಕೆಯಾದರೆ, ಅವನು ತನ್ನ ಕಾರಣವನ್ನು ತಿರುಗಿ ತೂಗಿ ನೋಡಬೇಕು. ನಾಚಿಕೆ ಆಗದಿದ್ದರೆ ಅವನ ಮಾತಿನಲ್ಲಿ ಸತ್ಯ ಉಂಟೆಂದು ನಾವು ನಂಬುವೆವು.

ಇಷ್ಟಾದರೂ ಮುಂದಿನ ಹದಿನಾರು ದಿನದ ಹಣವು ಮುದುಕಿಗೆ ಬಾರದು. ಆ ನೋವಿಗೆ ಹೊಣೆ ಯಾರು? ಇಲ್ಲಿ ನಾವು ನಮ್ಮ ಕಡೆಗೇ ತಿರುಗಬೇಕಾಗುತ್ತದೆ. ಸಂಪಿನವರನ್ನು ಬೈಯುವಾಗ ನಾವು ಮುದುಕಿಯ ಹೆಸರನ್ನು ಬಹು ಸುಲಭವಾಗಿ ಎತ್ತುತ್ತೇವೆ. ಬಡವಳ ರೊಟ್ಟಿಯನ್ನು ಅರೆಸಂಬಳದ ಒಬ್ಬ ಮನುಷ್ಯನ ಹೆಗಲಿನ ಮೇಲೆ ಹೊರಿಸಿ, ಆ ಹೆಗಲು ಕುಸಿಯುವ ವರೆಗೆ ನೋಡದೆ ಇದ್ದವರು ಯಾರು? ಸರಕಾರವೆಂದರೆ ದಿಲ್ಲಿಯಲ್ಲಿ ಕೂತಿರುವ ಬೇರೊಬ್ಬ ದಣಿಯಲ್ಲ. ಮತ ಹಾಕುವ ನಾವೇ ಆ ದಣಿ. ಸಂಪು ಆರಂಭವಾಗುವ ಹತ್ತೇ ದಿನ ಮುಂಚೆ, ಮೇ 12ರಂದು, ನಾವು ನಮ್ಮ ರಾಜ್ಯದಲ್ಲಿ ಮತ ಹಾಕಿ ಬೆರಳಿಗೆ ಮಸಿ ಹಚ್ಚಿಸಿಕೊಂಡಿದ್ದೆವು. ಅದು ಬೇರೆ ಚುನಾವಣೆಯೇ, ಒಪ್ಪುತ್ತೇವೆ. ಆದರೂ ಓಟು ಕೇಳಲು ಬಂದವರಲ್ಲಿ ಒಬ್ಬರನ್ನಾದರೂ ನಮ್ಮ ಟಪ್ಪಾಲಿನವನ ವಿಷಯ ನಾವು ಕೇಳಿದೆವೋ? ಆ ವರುಷ ಒಂದು ಪೋಸ್ಟ್‌ಕಾರ್ಡಿನ ಬೆಲೆ 50 ಪೈಸೆ. ಎಷ್ಟು ದೂರದಿಂದ ಬಂದರೂ 50 ಪೈಸೆಯೇ. ಅದನ್ನು ಊರೂರು ದಾಟಿಸಿ ನಮ್ಮ ಹೊಸ್ತಿಲಿಗೆ ಮುಟ್ಟಿಸುವ ಖರ್ಚು ಅದರಲ್ಲಿ ಹುಟ್ಟುವದಿಲ್ಲವೆಂಬದು ಕೂಸಿಗೂ ತಿಳಿದೀತು. ಉಳಿದದ್ದನ್ನು ಖಜಾನೆಯು ಕೊಟ್ಟಿತು. ಖಜಾನೆಯು ಕೊಡದ ಒಂದು ಪಾಲನ್ನು ಹೊತ್ತು ತರುವವನ ಮನೆಯವರು ತಮ್ಮ ಹೊಟ್ಟೆಯಿಂದ ಕೊಟ್ಟರು. ನಾವು ಆ ಕಾರ್ಡನ್ನು ಅಗ್ಗವೆಂದು ಸಂತೋಷದಿಂದ ಬರೆದೆವು.

ಆದದರಿಂದ ಸಂಪಿನ ದಿವಸಗಳಲ್ಲಿ ಆ ಮುದುಕಿಗೆ ಜೋಳ ಅಳೆದು ಕೊಡುವ ಭಾರವು ಮೊದಲು ಓಣಿಯವರದು ಎಂಬದು ನಮ್ಮ ಅಭಿಪ್ರಾಯ. ಎರಡು ಪಡಿ ಕಡ ಕೊಟ್ಟು, ಮನಿಯಾರ್ಡರು ಬಂದ ಮೇಲೆ ಕೊಡವ್ವಾ ಎಂದು ಹೇಳಲಿಕ್ಕೆ ಯಾವ ಸಂಘದ ಠರಾವೂ ಬೇಕಾಗಿಲ್ಲ. ಹಾಗೆ ಮಾಡದೆ, ಅವಳ ಹಸಿವನ್ನು ಸಂಪಿನವರ ವಿರುದ್ಧ ಸಾಕ್ಷಿಯಾಗಿ ಎಳೆದು ತರುವವನು ಅವಳನ್ನು ಎರಡು ಸಾರಿ ಉಪವಾಸ ಕೆಡವಿದಂತಾಯಿತು.

ಇನ್ನು, ಕಾನೂನು ಬಲ್ಲವರು ನಮಗೆ ಮತ್ತೊಂದು ಸಂಗತಿಯನ್ನು ತೋರಿಸುವರು. 2003ರ ಆಗಸ್ಟ್ ತಿಂಗಳಲ್ಲಿ ತಮಿಳುನಾಡಿನ ನೌಕರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸರಕಾರೀ ನೌಕರರಿಗೆ ಸಂಪು ಹೂಡುವ ಮೂಲಭೂತ ಹಕ್ಕೂ ಇಲ್ಲ, ಕಾನೂನಿನ ಹಕ್ಕೂ ಇಲ್ಲ, ನೈತಿಕ ಸಮರ್ಥನೆಯೂ ಇಲ್ಲ ಎಂಬ ಅರ್ಥದ ತೀರ್ಪನ್ನು ಕೊಟ್ಟಿತು. ಮೊದಲಿನ ಎರಡರ ವಿಷಯದಲ್ಲಿ ನ್ಯಾಯಾಧೀಶರ ಮಾತಿಗೆ ಹಳ್ಳಿಯವರಾದ ನಾವು ತಲೆಬಾಗುತ್ತೇವೆ. ಅದು ಅವರ ಶಾಸ್ತ್ರ. ಮೂರನೇದು ಮಾತ್ರ ಕೋರ್ಟಿನ ಕಟ್ಟೆಯೊಳಗೆ ಮುಗಿಯುವ ಮಾತಲ್ಲ. ಯಾಕಂದರೆ ನೀತಿಯ ಪ್ರಶ್ನೆಯನ್ನು ಕೊಯ್ಲಿಗೆ ಹೋದ ಕೂಲಿಹೆಂಗಸೂ ಕೇಳುತ್ತಾಳೆ. ಮನವಿ ಬರೆದು, ಕಾದು, ತಿರುಗಿ ಬರೆದು, ತಿರುಗಿ ಕಾದು, ವರದಿಯು ಬಂದ ಮೇಲೆಯೂ ಒಂದೂವರೆ ವರುಷ ಕಾದವನಿಗೆ, ಇನ್ನೂ ಕಾಯುವದೇ ನಿನ್ನ ನೀತಿ ಎಂದು ನಾವು ಹೇಳಲಾರೆವು. ಆದರೆ ಕಾಯದೆ, ಕೇಳದೆ, ಮೊದಲನೇ ದಿನವೇ ಚೀಲವನ್ನು ಕೆಳಗಿಡುವವನಿಗೆ ಆ ತೀರ್ಪಿನ ಮಾತು ತಕ್ಕದ್ದೇ ಎಂದು ಹೇಳಬೇಕಾಗುವದು.

ದಣಿ ಯಾರೆಂಬದನ್ನು ನೋಡಿ ನ್ಯಾಯವನ್ನು ಬದಲಿಸುವ ಒಂದು ಚಾಳಿಯೂ ನಮ್ಮಲ್ಲಿದೆ. ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿದ್ದು ರಾಮದುರ್ಗವು ಇನ್ನೂ ಸಂಸ್ಥಾನವಾಗಿದ್ದ ಕಾಲದಲ್ಲಿ, 11 ಜುಲೈ 1946ರಂದು, ದೇಶದ ಟಪ್ಪಾಲಿನವರು ದೊಡ್ಡ ಸಂಪನ್ನು ಹೂಡಿದರು; ಅವರ ಪರವಾಗಿ ಆ ತಿಂಗಳ 29ರಂದು ಕಲಕತ್ತೆಯೇ ಕೆಲಸ ನಿಲ್ಲಿಸಿತು. ದಣಿಯು ಪರದೇಶದವನಾಗಿದ್ದದರಿಂದ ಅದನ್ನು ಶೂರತನವೆಂದು ಬರೆದರು. 1960ರ ಜುಲೈಯಲ್ಲಿ ಕೇಂದ್ರ ಸರಕಾರದ ನೌಕರರು ಸಂಪು ಹೂಡಿದಾಗ ದಣಿಯು ನಮ್ಮವನೇ. ಆಗ ಸುಗ್ರೀವಾಜ್ಞೆ ಬಂದಿತು, ಸೆರೆಯೂ ಬಂದಿತು. ಐದು ದಿನಗಳೊಳಗೆ ಅದು ಮುಗಿಯಿತು. ಹಸಿವಿಗೆ ದಣಿಯ ಬಣ್ಣವು ಕಾಣುವದಿಲ್ಲವೆಂದು ನಮಗೆ ಅನಿಸುತ್ತದೆ.

ಸಂಪನ್ನು ಹೇಗೆ ನಡಿಸಬೇಕೆಂಬದಕ್ಕೆ 1918ರ ಅಹಮದಾಬಾದಿನ ಗಿರಣಿ ಕೂಲಿಗಾರರ ಸಂಗತಿಯು ಇಲ್ಲಿ ಉಪಯೋಗವಾದೀತು. ಗಾಂಧಿಯವರು ಅವರ ಮುಂದೆ ಇಟ್ಟ ಷರತ್ತುಗಳು ಕೆಲವೇ: ಯಾರ ಮೇಲೂ ಕೈ ಎತ್ತಬಾರದು, ಕೆಲಸಕ್ಕೆ ಹೋಗುವವನನ್ನು ಪೀಡಿಸಬಾರದು, ಭಿಕ್ಷೆಯನ್ನು ನೆಚ್ಚಬಾರದು, ಸಂಪು ಎಷ್ಟು ದಿನ ನಡೆದರೂ ಬೇರೆ ಪ್ರಾಮಾಣಿಕ ದುಡಿಮೆಯಿಂದ ಹೊಟ್ಟೆ ಹೊರೆಯಬೇಕು. ಕೂಲಿಗಾರರು ಕೇಳಿದ ನೂರಕ್ಕೆ ಐವತ್ತನ್ನು ಅವರೇ ಮೂವತ್ತೈದಕ್ಕೆ ಇಳಿಸಿದರು. ನ್ಯಾಯವಾದದ್ದನ್ನು ಮಾತ್ರ ಕೇಳಬೇಕೆಂಬದು ಅವರ ಲೆಕ್ಕ. ನಮ್ಮ ಟಪ್ಪಾಲಿನವರಿಗೆ ಮೇ ಕೊನೆಯ ವಾರವು ಒಂದು ರೀತಿಯಲ್ಲಿ ಅನುಕೂಲದ ಕಾಲ. ರೋಹಿಣಿ ಮಳೆಯು ಆರಂಭವಾಗುತ್ತದೆ. ಹೊಲವಿದ್ದವನು ಹರಗಬಹುದು, ಇಲ್ಲದವನು ಕೂಲಿಗೆ ಹೋಗಬಹುದು. ಎರಡನೇ ಷರತ್ತು ಹೊಲಕ್ಕಿಂತ ಕಠಿಣ. ಕೆಲಸಕ್ಕೆ ಹೋಗುವ ಸಂಗಡಿಗನನ್ನು ದ್ರೋಹಿಯೆಂದು ಕರೆಯದೆ ಬಿಡುವದು ಸಂಪಿನ ದಿವಸದಲ್ಲಿ ಯಾರಿಗೂ ಸುಲಭವಲ್ಲ.

ಆ ಹಳ್ಳಿಯ ಪಡಸಾಲೆಯಲ್ಲಿಯೂ ಹಾಗೆಯೇ ಆಯಿತೆಂದು ತಿಳಿಯಿರಿ. ತರುಣನು ಸಂಪಿಗೆ ಹೋದನು. ಮಾಸ್ತರನು ಹೋಗಲಿಲ್ಲ; ದಿನಾಲು ಬಾಗಲು ತೆರೆದು, ಬಾರದ ಚೀಲವನ್ನು ಕಾಯುತ್ತಾ ಕೂತನು. 6 ಜೂನ್ 2018ರಂದು ಮಂತ್ರಿಮಂಡಲವು ಹೊಸ ಭತ್ತೆಯನ್ನು ಒಪ್ಪಿತು, ಸಂಪು ಮುಗಿಯಿತು. ದಿನಕ್ಕೆ ನಾಲ್ಕು ತಾಸಿನ ಮಾಸ್ತರನಿಗೆ ಕನಿಷ್ಠ 12,000 ರೂಪಾಯಿ, ಐದು ತಾಸಿನವನಿಗೆ 14,500. ಹಂಚುವವರಿಗೆ 10,000 ಮತ್ತು 12,000. 2016ರ ಜನವರಿಯಿಂದ ಬರಬೇಕಾದ ಬಾಕಿಯನ್ನೂ ಕೊಡುವದಾಗಿ ಹೇಳಿದರು. ಎರಡೂವರೆ ಲಕ್ಷಕ್ಕೂ ಮಿಕ್ಕ ಜನರಿಗೆ ಇದರಿಂದ ಉಪಯೋಗವಾಯಿತು. ಪಿಂಚಣಿಯ ಮಾತು ಅಲ್ಲಿಗೆ ತೀರಲಿಲ್ಲ. ಅದನ್ನೂ ಎಂಟು ತಾಸಿನ ಕೆಲಸವನ್ನೂ ಸಮಿತಿಯು ಹೇಳಿದ ಬೇರೆ ಕೆಲವನ್ನೂ ಕೇಳಿ 12 ಡಿಸೆಂಬರ್ 2023ರಂದು ಮತ್ತೊಮ್ಮೆ ಚೀಲಗಳು ಕೆಳಗಿಳಿದವು. ಆ ಎರಡರ ನಡುವೆ 2020ರ ರೋಗದ ಕಾಲವೂ ಬಂದು ಹೋಯಿತು. ಊರುಗಳೆಲ್ಲಾ ಬಾಗಲು ಹಾಕಿಕೊಂಡಾಗ ಹಣವನ್ನೂ ಔಷಧವನ್ನೂ ಮನೆಗೆ ಮುಟ್ಟಿಸಲಿಕ್ಕೆ, ನಿಮ್ಮದು ಅಗತ್ಯದ ಸೇವೆ ಎಂದು ಇವರನ್ನೇ ಕಳುಹಿಸಿದರು.

ಜಗಳಕ್ಕೆ ಕಾರಣವಾದದ್ದು ಸಂಬಳವು ಹೆಚ್ಚಿದ್ದು. ಸಂಪಿಗೆ ಹೋಗದ ಮಾಸ್ತರನಿಗೂ ಅದೇ ಹೆಚ್ಚಳವು ಬಂತು. ನಾವು ಬಿತ್ತಿದ್ದನ್ನು ಇವರು ಕೊಯ್ದರು ಎಂದು ತರುಣನು ಹೊಟ್ಟೆಯಲ್ಲಿ ಉರಿದನು. ಅವನ ಉರಿಯು ಸುಳ್ಳಲ್ಲ. ಕೂಲಿಯಿಲ್ಲದೆ ಹದಿನಾರು ದಿನ ಕಳೆದವನು ಅವನೇ. ಆದರೆ ಮಾಸ್ತರನು ಲಾಭಕ್ಕಾಗಿ ಕೂತವನಲ್ಲ; ಮುದುಕಿಯ ಮುಖವು ಅವನಿಗೆ ಅಡ್ಡ ಬಂದಿತು. ಮನಸ್ಸಾಕ್ಷಿಯಿಂದ ಹೋದವನಿಗೂ ಮನಸ್ಸಾಕ್ಷಿಯಿಂದ ಉಳಿದವನಿಗೂ ನಡುವೆ ನ್ಯಾಯ ಹೇಳುವ ಧೈರ್ಯವು ನಮಗಿಲ್ಲ. ಒಂದು ಮಾತ್ರ ಹೇಳುವೆವು. ನಾವು ಆ ಮಾಸ್ತರನ ಸ್ಥಳದಲ್ಲಿದ್ದರೆ ಬಂದ ಬಾಕಿಯಲ್ಲಿ ಹದಿನಾರು ದಿನದ್ದನ್ನು ಎಣಿಸಿ ತರುಣನ ಕೈಯಲ್ಲಿ ಇಡುತ್ತಿದ್ದೆವು. ತರುಣನ ಸ್ಥಳದಲ್ಲಿದ್ದರೆ ಅದರಲ್ಲಿ ಅರ್ಧವನ್ನು ಹಿಂದಕ್ಕೆ ಕೊಡುತ್ತಿದ್ದೆವು.

ಅವರು ಹಾಗೆ ಮಾಡಿದರೋ ಇಲ್ಲವೋ, ಮುಂಜಾನೆಯ ಬಸ್ಸಿನಲ್ಲಿ ಚೀಲವಂತೂ ಬಂದಿತು, ಹದಿನಾರು ದಿನದ್ದು ಒಟ್ಟಿಗೆ. ಒಬ್ಬನ ಕೈಯಿಂದ ತೀರುವ ಕೆಲಸವಲ್ಲ. ಇಬ್ಬರೂ ಅದೇ ಪಡಸಾಲೆಯಲ್ಲಿ ಎದುರುಬದುರಾಗಿ ಕೂತು, ಓಣಿ ಓಣಿಯಾಗಿ ಕಾಗದಗಳನ್ನು ಆರಿಸಲಾರಂಭಿಸಿದರು.